ದೊಡ್ಡಸ್ವಾಮಿಯವರ ದಾರಿಯಲ್ಲಿ ನಾಲ್ಕು ಭಾನುವಾರಗಳು



ಈ ಸಲದ ಬರಹ ನಿಮ್ಮಲ್ಲಿ ಕೆಲವರಿಗೆ ಹಿಡಿಸಲಾರದೆಂಬುದು ನನಗೆ ಗೊತ್ತಿದೆ. ವಿಷಯ ತಿಳಿದ ನಮ್ಮ ದೊಡ್ಡಮ್ಮನ ಮಗ ಫೋನಿನಲ್ಲಿಯೇ, “ಈ ವಯಸ್ಸಿನಲ್ಲಿ ನಿನಗೇಕಪ್ಪ ಪಾದ್ರಿಗಳ ಸಹವಾಸ? ರಾಮಾ ಕೃಷ್ಣಾ ಎಂದುಕೊಂಡು ಇರಬಾರದೇ?” ಎಂದು ಗದರಿಕೊಂಡರು. ಅಣ್ಣನ ಮಾತಿಗೆ ಎದುರಾಡುವ ಅಭ್ಯಾಸ ನನಗಿಲ್ಲ. ಆದುದರಿಂದ ಅವರಿಗೆ ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರೂ ಓದುತ್ತಾರೆ.

ನಡೆದದ್ದು ಇಷ್ಟೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮೈಸೂರಿನಲ್ಲಿ ಅಧ್ಯಾಪಕನಾಗಿರುವವನು, ಕ್ರೈಸ್ತ. ಕೆಲವು ವರ್ಷಗಳಿಂದ ಅವನೂ ಅವನ ಇಬ್ಬರು ಗೆಳೆಯರೂ ಭಾನುವಾರದ ಪೂಜೆ ಮುಗಿದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ಊರುಗಳಿಗೆ ಸರದಿಯ ಮೇಲೆ ಹೋಗುತ್ತಾರೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ, ದೇವಾಲಯದ ಮುಂದೆ, ಅಂಗಡಿ ಮುಚ್ಚಿದ ಮೇಲೆ ಅದರ ಜಗುಲಿಯಲ್ಲಿ ಮಲಗುವ ಮನೆಯಿಲ್ಲದ ಜನರನ್ನು ಕಂಡು, ಊಟ ಕೊಟ್ಟು, ಗಾಯವಿದ್ದರೆ ತೊಳೆದು ಪಟ್ಟಿ ಕಟ್ಟಿ, ಕೇಳಿದವರಿಗೆ ಯೇಸುವಿನ ವಿಷಯ ಹೇಳಿ ಬರುತ್ತಾರೆ. “ಸಾರ್, ಒಂದು ಸುತ್ತು ನಮ್ಮ ಜೊತೆ ಬನ್ನಿ. ನಾವು ಮಾಡುತ್ತಿರುವುದು ಸರಿಯೋ ತಪ್ಪೋ ನೀವೇ ನೋಡಿ ಹೇಳಿ” ಎಂದು ಅವನು ಕರೆದ. ಸಮಾಜ ವಿಜ್ಞಾನ ಪಾಠ ಮಾಡಿ ಜೀವನ ಸವೆಸಿದವನಿಗೆ ಇಂತಹ ಆಹ್ವಾನವನ್ನು ತಳ್ಳಿಹಾಕುವುದು ಕಷ್ಟ. ಅಲ್ಲದೆ, ಈ ನಾಲ್ಕೂ ತಾಲ್ಲೂಕುಗಳ ಅನ್ನವನ್ನು ನಾನು ಉಂಡಿದ್ದೇನೆ.

ಹೊರಡುವ ಮುನ್ನ ನನ್ನ ಮನಸ್ಸಿಗೆ ಬಂದವರು ಅಬ್ಬೆ ದ್ಯುಬುವಾ. ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದೊಯ್ದಾಗಲೆಲ್ಲ ನಾನು ಇವರ ಕತೆ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದರಿಯಾ ದೌಲತ್ತಿನ ಚಿತ್ರಗಳನ್ನು ನೋಡುವ ಆತುರದಲ್ಲಿ ಬಹುಮಂದಿ ಕೇಳಿಸಿಕೊಂಡಿರಲಿಕ್ಕಿಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಭಾರತಕ್ಕೆ ಬಂದ ಪಾದ್ರಿ ಇವರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ತರುವಾಯ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವುದಕ್ಕಾಗಿ ಇವರು ಇಲ್ಲಿಗೆ ಬಂದರು. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದ ಸಾವಿರಾರು ಕ್ರೈಸ್ತ ಕುಟುಂಬಗಳು ಈ ದ್ವೀಪದಲ್ಲಿದ್ದವು. ಒಟ್ಟು ಅರವತ್ತು ಸಾವಿರ ಜನವೆಂಬುದು ದ್ಯುಬುವಾ ಅವರ ಲೆಕ್ಕ. ಇತರರ ಲೆಕ್ಕಗಳು ಬೇರೆಬೇರೆಯಾಗಿವೆ. ಹದಿನೈದು ವರ್ಷಗಳ ಸೆರೆಯಲ್ಲಿ ಎಷ್ಟೋ ಜನ ಸತ್ತರು, ಎಷ್ಟೋ ಜನ ಮತ ಬದಲಿಸಬೇಕಾಯಿತು. ಬಿಡುಗಡೆಯಾದ ಮೇಲೆ ಹಲವರು ಮಂಗಳೂರಿನ ಕಡೆಗೆ ಕಾಲ್ನಡೆಯಲ್ಲಿ ಮರಳಿದರು. ಉಳಿದವರಿಗೆ ಹೋಗಲು ಊರಿರಲಿಲ್ಲ, ಇರಲು ಮನೆಯಿರಲಿಲ್ಲ. ರಾಜಧಾನಿ ಮೈಸೂರಿಗೆ ಹೋಯಿತು. ಇತ್ತ ಪಟ್ಟಣವು ಜ್ವರಕ್ಕೂ ಬಡತನಕ್ಕೂ ತುತ್ತಾಗಿ ಬರಿದಾಗತೊಡಗಿತು.

ಅಂಥ ಕಾಲದಲ್ಲಿ ಈ ಮನುಷ್ಯ ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ಪೇಟ ಸುತ್ತಿ, ಮಾಂಸಾಹಾರ ಬಿಟ್ಟು, ಜನರ ನುಡಿ ಕಲಿತು ನಮ್ಮ ಸೀಮೆಯಲ್ಲಿ ತಿರುಗಾಡಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಗಂಜಾಂ, ಪಾಲಹಳ್ಳಿಗಳ ಇಗರ್ಜಿಗಳೊಡನೆ ಅವರ ಹೆಸರು ಇಂದಿಗೂ ಸೇರಿಕೊಂಡಿದೆ. ನೆಲೆಯಿಲ್ಲದ ಕ್ರೈಸ್ತರಿಗಾಗಿ ಹಾಸನದ ಕಡೆ ಬೇಸಾಯದ ವಸಾಹತನ್ನು ಮಾಡಿಸಿದರು. ಸಿಡುಬಿನ ಲಸಿಕೆ ಇಂಗ್ಲೆಂಡಿನಲ್ಲಿ ಹುಟ್ಟಿ ಹತ್ತು ವರ್ಷವೂ ಕಳೆದಿರಲಿಲ್ಲ. 1803-04ರಲ್ಲಿಯೇ ಅದನ್ನು ಮೈಸೂರು ಸೀಮೆಯ ಜನರಿಗೆ ಹಾಕಿಸಲು ಹಳ್ಳಿಹಳ್ಳಿ ಸುತ್ತಿದರು. ದನದ ಮೈಯಿಂದ ಬಂದ ಮದ್ದನ್ನು ನಮ್ಮ ಜನ ಹಾಕಿಸಿಕೊಳ್ಳುವಂತೆ ಒಪ್ಪಿಸುವುದು ಸಾಮಾನ್ಯದ ಮಾತಲ್ಲ. ಕೋವಿಡ್ ಲಸಿಕೆಗೆ ನಮ್ಮ ಬೀದಿಯವರನ್ನು ಒಪ್ಪಿಸಲು ಆಶಾ ಕಾರ್ಯಕರ್ತೆಯರು ಪಟ್ಟ ಪಾಡನ್ನು ಕಂಡವನು ನಾನು.

ಇವರ ಖ್ಯಾತಿಗೆ ಕಾರಣವಾದದ್ದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥ. ಅದರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಎರಡು ಸಾವಿರ ವರಹಗಳಿಗೆ ಕೊಂಡುಕೊಂಡಿತು. ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರವಣಿಗೆಯಿಂದ ಎತ್ತಿಕೊಂಡದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟಿದ್ದಾರೆ. (ನಕಲು ಮಾಡುವುದು ಹತ್ತನೆಯ ತರಗತಿಯವರ ಹಕ್ಕು ಮಾತ್ರವಲ್ಲ ಎಂದಾಯಿತು!) ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1823ರಲ್ಲಿ ಅವರು ಪ್ರಕಟಿಸಿದ ಪತ್ರಗಳ ಪುಸ್ತಕ. ಅದೇ ವರ್ಷದ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಮತ್ತೆ ಬರಲಿಲ್ಲ, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಆ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಕೆಲಸ ಕೈಗೂಡುವಂಥದಲ್ಲ ಎಂದು ಅವರು ಬರೆದರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಮಗೆ ಸಿಕ್ಕ ಹೊಸ ಕ್ರೈಸ್ತರು ಇನ್ನೂರು ಮುನ್ನೂರು ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಇಲ್ಲವೆ ಭಿಕ್ಷುಕರು. ಉಳಿದವರು ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು, ಬೇರೆ ಗತಿಯಿಲ್ಲದೆ ಮದುವೆ ಮುಂತಾದ ಸಂಬಂಧಗಳಿಗಾಗಿ ಬಂದವರು, ಎಂದು ಒಪ್ಪಿಕೊಂಡರು. ಇದನ್ನು ಓದಿ ಇಂಗ್ಲಿಷ್ ಪಾದ್ರಿಗಳು ಕೆರಳಿದರು. 1824ರಲ್ಲಿಯೇ ಹಾಫ್, ಟೌನ್ಲಿ ಎಂಬಿಬ್ಬರು ಉತ್ತರ ರೂಪದ ಪುಸ್ತಕಗಳನ್ನು ಹೊರತಂದರು.

ಆ ಲೆಕ್ಕವನ್ನು ಬರೆಯುವಾಗ ದೊಡ್ಡಸ್ವಾಮಿಯವರಿಗೆ ಭಿಕ್ಷುಕರ ಬಗೆಗೆ ಬೇಸರವಿತ್ತೆಂದು ಕಾಣುತ್ತದೆ. ನನ್ನ ಶಿಷ್ಯನಿಗೆ ನಾನು ಇದನ್ನು ಕಾರಿನಲ್ಲಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಯೇಸುವಿನ ಹತ್ತಿರ ಬಂದವರೂ ಅಂಥವರೇ ಅಲ್ಲವೇ? ಕುಷ್ಠರೋಗಿಗಳು, ಕುರುಡರು. ಸುವಾರ್ತೆ ಓದಿದರೆ ಯೇಸುವಿಗೂ ಸ್ವಂತ ಮನೆಯಿರಲಿಲ್ಲ” ಎಂದ. ಇಪ್ಪತ್ತು ವರ್ಷದ ಹಿಂದೆ ಕೊನೆಯ ಬೆಂಚಿನಲ್ಲಿ ಕೂತು ಮಾತೇ ಆಡದಿದ್ದ ಹುಡುಗ ಇವನು.

ಮೊದಲ ಭಾನುವಾರ ಶ್ರೀರಂಗಪಟ್ಟಣ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬರುವವರಿಂದ ನಾಲ್ಕು ಕಾಸು ಸಿಕ್ಕೀತೆಂದು ಕಾಯುವ ಮುದುಕರು, ರಂಗನಾಥನ ಗುಡಿಯ ದಾರಿಯಲ್ಲಿ ಕೂರುವ ಹೆಂಗಸರು. ನಾನು ಗಮನಿಸಿದ್ದು ನನ್ನ ಶಿಷ್ಯನ ಪದ್ಧತಿಯನ್ನು. ಮೊದಲ ಭೇಟಿಯಲ್ಲಿ ಅವನು ದೇವರ ಮಾತೆತ್ತುವುದಿಲ್ಲ. ಚಿತ್ರಾನ್ನದ ಪೊಟ್ಟಣ, ನೀರು, ಬೇಕಾದವರಿಗೆ ಫ್ಲಾಸ್ಕಿನಿಂದ ಚಹಾ. ಹೆಸರು ಕೇಳುತ್ತಾನೆ, ಯಾವ ಊರು ಎಂದು ಕೇಳುತ್ತಾನೆ, ಮುಂದಿನ ಸಲ ಅದೇ ಹೆಸರಿನಿಂದ ಕರೆಯುತ್ತಾನೆ. ಎರಡನೆಯ, ಮೂರನೆಯ ಭೇಟಿಯಲ್ಲಿ ಎದುರಿನವರೇ, “ನೀವು ಯಾರು, ಇದನ್ನೆಲ್ಲ ಯಾಕೆ ಮಾಡುತ್ತೀರಿ?” ಎಂದು ಕೇಳಿದರೆ ಮಾತ್ರ ತನ್ನ ನಂಬಿಕೆಯನ್ನು ಹೇಳುತ್ತಾನೆ. ಕೇಳದಿದ್ದರೆ ಊಟ ಮಾತ್ರ.

ಆದರೂ ನಾನು ಅವನನ್ನು ಕೇಳದೆ ಬಿಡಲಿಲ್ಲ. “ಹೊಟ್ಟೆ ಹಸಿದವನ ಕೈಗೆ ಅನ್ನ ಕೊಟ್ಟು ಆಮೇಲೆ ದೇವರ ಹೆಸರು ಹೇಳಿದರೆ, ಅವನು ಒಲ್ಲೆ ಎನ್ನುವುದು ಹೇಗಯ್ಯ? ನಾಳೆ ಅನ್ನ ಸಿಕ್ಕದೆಂಬ ಹೆದರಿಕೆ ಇರುವುದಿಲ್ಲವೇ?” ಎಂದೆ. ಈ ಪ್ರಶ್ನೆ ನನ್ನದೊಬ್ಬನದಲ್ಲ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅನುಸರಿಸಲು, ಆಚರಿಸಲು ಮಾತ್ರವಲ್ಲದೆ ಪ್ರಚಾರ ಮಾಡಲೂ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಸುವ ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯಿದೆಯು ಮತಾಂತರಕ್ಕಾಗಿ ನೀಡುವ ಉಡುಗೊರೆಯನ್ನೂ ಆಮಿಷಗಳ ಪಟ್ಟಿಯಲ್ಲಿ ಸೇರಿಸಿತು. ಮರುವರ್ಷ ಜೂನ್‌ನಲ್ಲಿ ಹೊಸ ಸಚಿವ ಸಂಪುಟವು ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಒಂದು ಪೊಟ್ಟಣ ಚಿತ್ರಾನ್ನ ಎಲ್ಲಿಯವರೆಗೆ ಅನ್ನ, ಎಲ್ಲಿಂದಾಚೆಗೆ ಆಮಿಷ ಎಂಬುದನ್ನು ಯಾವ ಕಾಯಿದೆಯೂ ಗೆರೆ ಎಳೆದು ತೋರಿಸಲಾರದು. ಕೊಡುವವನ ಮನಸ್ಸಿನಲ್ಲಿ ಏನಿದೆಯೆಂಬುದರ ಮೇಲೆ ಅದು ನಿಂತಿದೆ. ಅವನ ಉತ್ತರ ನೇರವಾಗಿತ್ತು: “ಅದಕ್ಕೇ ಸಾರ್, ಒಲ್ಲೆ ಅಂದವರಿಗೆ ಮುಂದಿನ ವಾರ ಮೊದಲು ಕೊಡುತ್ತೇವೆ.”

ಇದು ಬಾಯಿಮಾತೋ ನಿಜವೋ ಎಂದು ನೋಡಲು ನನಗೆ ನಾಗಮಂಗಲದವರೆಗೆ ಕಾಯಬೇಕಾಯಿತು.

ಎರಡನೆಯ ವಾರ ಪಾಂಡವಪುರ. ಹಿಂದೆ ಈ ಊರನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಹೈದರ್, ಟಿಪ್ಪುಗಳ ಫ್ರೆಂಚ್ ಸಿಪಾಯಿಗಳು ಇಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಬಂದ ಹೆಸರು. ಊರೊಳಗೆ ಭಿಕ್ಷುಕರು ಹೆಚ್ಚಿರಲಿಲ್ಲ. ಇವರು ಹೋದದ್ದು ಕಬ್ಬಿನ ಗದ್ದೆಗಳ ಅಂಚಿಗೆ. ಕಬ್ಬು ಕಡಿಯಲು ಬಳ್ಳಾರಿಯ ಕಡೆಯಿಂದ ಬಂದ ಸಂಸಾರಗಳು ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಲ್ಲಿದ್ದವು. ಮನೆಯಿಲ್ಲದವರೆಂದು ಇವರನ್ನು ಕರೆಯಬಹುದೋ ಇಲ್ಲವೋ. ಊರಲ್ಲಿ ಮನೆಯಿದೆ, ಆದರೆ ವರುಷದ ಅರ್ಧಭಾಗ ಅದಕ್ಕೆ ಬೀಗ. ಮಕ್ಕಳು ಶಾಲೆ ಬಿಟ್ಟು ಸೋಗೆಯ ಕಟ್ಟು ಹೊರುತ್ತಿದ್ದವು. ಅಲ್ಲಿ ನಾನು ದೇವರ ಮಾತಿಗೆ ಕಿವಿಗೊಡಲಿಲ್ಲ. ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಏಳರ ಮಗ್ಗಿ ಹೇಳಿಸಿದೆ. ಚಾಳಿ ಬಿಡುವುದಿಲ್ಲ.

ಅಲ್ಲಿಂದ ತೊಣ್ಣೂರು ಕೆರೆ ದೂರವಿಲ್ಲ. ಸಂಜೆ ಆ ಏರಿಯ ಮೇಲೆ ಕೂತಾಗ ನನಗೆ ಹೊಳೆದದ್ದನ್ನು ನನ್ನ ಶಿಷ್ಯನಿಗೂ ಹೇಳಿದೆ, ನನ್ನ ಅಣ್ಣನಿಗೂ ಹೇಳಬೇಕಾಗಿದೆ. ಹನ್ನೆರಡನೆಯ ಶತಮಾನದಲ್ಲಿ ತಮಿಳು ನಾಡಿನಲ್ಲಿ ಇರಲಾಗದೆ ಬಂದ ಒಬ್ಬ ಆಚಾರ್ಯರು ಈ ತೊಣ್ಣೂರಿನಲ್ಲಿಯೇ ನೆಲೆ ಕಂಡರೆಂದು ಸಂಪ್ರದಾಯ ಹೇಳುತ್ತದೆ. ಹೊಯ್ಸಳ ಬಿಟ್ಟಿದೇವನು ಅವರ ಉಪದೇಶದಿಂದ ವಿಷ್ಣುವರ್ಧನನಾದನೆಂಬುದೂ ಅದೇ ಸಂಪ್ರದಾಯದ ಮಾತು. ರಾಮಾನುಜರು ಬಂದದ್ದು ನೆಲೆತಪ್ಪಿದ ಪರದೇಶಿಯಾಗಿ. ಅವರೂ ತಮ್ಮ ನಂಬಿಕೆಯನ್ನು ಸಾರಿದರು. ಮೇಲುಕೋಟೆಯಲ್ಲಿ ಹೊರಗಿನವರೆನಿಸಿದವರನ್ನು ತಿರುಕುಲದವರೆಂದು ಕರೆದು ಗುಡಿಯೊಳಕ್ಕೆ ಬಿಡಿಸಿದರು. ಅತ್ತ ನಾಗಮಂಗಲದ ಕಡೆ ಕಂಬದಹಳ್ಳಿಯಲ್ಲಿ ಜೈನರ ಪಂಚಕೂಟ ಬಸದಿ, ಆದಿಚುಂಚನಗಿರಿಯಲ್ಲಿ ನಾಥಪಂಥದ ಜೋಗಿಗಳು. ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಎಲ್ಲ ಧರ್ಮಗಳೂ ನಡೆದುಕೊಂಡೇ ಬಂದಿವೆ.

ಇನ್ನೊಂದು ಮಾತೂ ಇದೆ. ನಾನು ಚಿಕ್ಕವನಿದ್ದಾಗ ಶನಿವಾರ ಬೆಳಗಾದರೆ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸಿಕೊಂಡು ಬರುತ್ತಿದ್ದ. ಕಂಸಾಳೆಯವರು ಮಾದಪ್ಪನ ಕತೆಯನ್ನೂ ನೀಲಗಾರರು ಮಂಟೇಸ್ವಾಮಿಯ ಕತೆಯನ್ನೂ ಹಾಡಿಕೊಂಡು ಬರುತ್ತಿದ್ದರು. ಬುಡುಬುಡಿಕೆಯವನು, ಎತ್ತಿನ ಮೇಲೆ ಬಂದು ವಂಶಾವಳಿ ಓದುವ ಹೆಳವ, ಇವರಿಗೆಲ್ಲ ಮನೆಯೆಂದರೆ ಊರಾಚೆಯ ಬಿಡಾರ. ಮನೆಯಿಲ್ಲದವರು ಮನೆಯಿದ್ದ ನಮಗೆ ದೇವರನ್ನು ತಂದುಕೊಡುತ್ತಿದ್ದರು. ನಮ್ಮ ಅವ್ವ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯುತ್ತಿದ್ದಳು. ಈಗ ಮನೆಯಿದ್ದವರು ಅನ್ನವನ್ನೂ ದೇವರನ್ನೂ ಎರಡನ್ನೂ ಹೊತ್ತುಕೊಂಡು ಹೋಗುತ್ತಿದ್ದಾರೆ. ಕೊಡುವ ಕೈ ಒಂದೇ ಆಗಿಬಿಟ್ಟಿತಲ್ಲ ಎಂಬುದೇ ನನ್ನ ಕಸಿವಿಸಿ. ಜೋಳಿಗೆಯವನಿಗೆ ಹಿಂದೆ ಕೊಡಲು ಒಂದು ಪದವಾದರೂ ಇತ್ತು.

ಕೃಷ್ಣರಾಜಪೇಟೆಯ ಭಾನುವಾರದ ಬಗೆಗೆ ಹೆಚ್ಚು ಹೇಳುವುದಕ್ಕಿಲ್ಲ. ಮಳೆ ಹಿಡಿದುಕೊಂಡಿತು, ನಾಲ್ಕೈದು ಜನ ಮಾತ್ರ ಸಿಕ್ಕರು. ಅವರಲ್ಲಿ ಒಬ್ಬ ಮುಂಬಯಿಯಲ್ಲಿ ಬಹುಕಾಲ ಕ್ಯಾಂಟೀನಿನಲ್ಲಿ ದುಡಿದವನು. ಈ ತಾಲ್ಲೂಕಿನಿಂದ ಮುಂಬಯಿಗೆ ಹೋದ ಸಂಸಾರಗಳೆಷ್ಟು ಎಂಬುದು ನಿಮಗೆ ಗೊತ್ತೇ ಇದೆ. 2020ರ ಮೇ ತಿಂಗಳಲ್ಲಿ ಕೊರೊನಾ ಕಾರಣದಿಂದ ಅವರೆಲ್ಲ ಮರಳಿದಾಗ ಶಾಲೆ, ಹಾಸ್ಟೆಲುಗಳಲ್ಲಿ ಅವರನ್ನು ಪ್ರತ್ಯೇಕವಾಗಿ ಇಟ್ಟಿದ್ದರು. ತಮ್ಮೂರಿನ ಹಾದಿಗೆ ಅಡ್ಡಲಾಗಿ ಮುಳ್ಳು ಹಾಕಿದ್ದನ್ನು ಕಂಡವರೂ ಇದ್ದರು. ಈತನೂ ಆಗ ಬಂದವನೇ. “ಅವತ್ತು ಊರೋರು ಬ್ಯಾಡ ಅಂದ್ರು ಸಾ. ಆಮೇಕೆ ಬಾ ಅಂದ್ರು. ನಂಗೇ ವೋಗಕ್ಕೆ ಮನಸ್ಸಾಗ್ನಿಲ್ಲ” ಎಂದ. ನನ್ನ ಶಿಷ್ಯ ದುಂದುಗಾರ ಮಗನ ಸಾಮತಿಯನ್ನು ಹೇಳಿದ, ಮನೆಬಿಟ್ಟು ಹೋಗಿ ಹಿಂದಿರುಗಿದ ಮಗನನ್ನು ತಂದೆ ಓಡಿಬಂದು ಅಪ್ಪಿಕೊಂಡ ಕತೆ. ಆತ ಕೊನೆಯವರೆಗೂ ಕೇಳಿ, “ಆ ಅಪ್ಪ ಒಳ್ಳೇನು. ಅಣ್ಣ ಏನಂದ?” ಎಂದ. ಆ ಕತೆಯಲ್ಲಿ ಅಣ್ಣ ಮುನಿಸಿಕೊಂಡು ಮನೆಯ ಹೊರಗೇ ನಿಲ್ಲುತ್ತಾನೆ. ಪೂರ್ತಿ ಗೊತ್ತಿರದವನು ಕೇಳಿದ ಈ ಪ್ರಶ್ನೆಗಿಂತ ಚೆನ್ನಾದ ಪ್ರಶ್ನೆಯನ್ನು ನನ್ನ ಮೂವತ್ತು ವರ್ಷದ ತರಗತಿಗಳಲ್ಲಿ ನಾನು ಕೇಳಿದ್ದು ಅಪರೂಪ.

ನಾಗಮಂಗಲದಲ್ಲಿ, ಸೌಮ್ಯಕೇಶವನ ಗುಡಿಯಿಂದ ಸ್ವಲ್ಪ ಆಚೆಗೆ, ಅಂಗಡಿಯೊಂದರ ಜಗುಲಿಯಲ್ಲಿ ಇರುವ ಮುದುಕ ಇವರಿಗೆ ಹಳೆಯ ಪರಿಚಯ. ಹಿಂದೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನಂತೆ. ಸ್ಟೀಲು ಬಂದಿತು, ಕಲಾಯಿ ಹೋಯಿತು, ಹೆಂಡತಿ ಸತ್ತಳು, ಮನೆ ಸಾಲಕ್ಕೆ ಹೋಯಿತು. ಕಾಲಿನ ಹುಣ್ಣನ್ನು ನನ್ನ ಶಿಷ್ಯ ಮಂಡಿಯೂರಿ ಕುಳಿತು ತೊಳೆದ. ಪಟ್ಟಿ ಕಟ್ಟುತ್ತಿರುವಾಗ ಜೊತೆಯಲ್ಲಿದ್ದ ಹೊಸ ಹುಡುಗನೊಬ್ಬ ಉತ್ಸಾಹದಿಂದ, “ತಾತ, ಯೇಸುಸ್ವಾಮಿಯನ್ನು ನಂಬಿ” ಎಂದುಬಿಟ್ಟ. ಮುದುಕ ನಕ್ಕ.

“ನಿಮ್ ದೇವ್ರು ಒಳ್ಳೇನೇ ಕನಪ್ಪ. ನಂತಾವ ಆಗ್ಲೇ ಒಬ್ಬ ಅವ್ನೆ. ನಂಗೇ ಕಾಲು ಚಾಚಕ್ಕೆ ಜಾಗ ಇಲ್ಲ, ಇಬ್ರು ದೇವ್ರ ಎಲ್ಲಿ ಮಡಿಕ್ಕೊಳ್ಳಾನ?”

ನನ್ನ ಶಿಷ್ಯ ಪಟ್ಟಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಮುಗಿಸಿ, ಕೈ ತೊಳೆದುಕೊಂಡು, ಆ ಹುಡುಗನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಮುಂದಿನ ಸರದಿ ಬಂದಾಗ ನಾನು ಹೇಳದೆಯೇ ಬಸ್ಸು ಹತ್ತಿ ನಾಗಮಂಗಲಕ್ಕೆ ಹೋಗಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತೆ. ಮೂವರೂ ಬಂದರು. ಮೊದಲ ಪೊಟ್ಟಣ ಮುದುಕನಿಗೇ. ಪಟ್ಟಿ ಬಿಚ್ಚಿ ತೊಳೆದು ಹೊಸದು ಕಟ್ಟಿದರು. ದೇವರ ಮಾತು ಬರಲಿಲ್ಲ. ಮುದುಕನೇ ಯಾವುದೋ ಕತೆ ಹೇಳುತ್ತ ಅವರನ್ನು ನಗಿಸುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಹೆಂಗಸು ತಾನಾಗಿಯೇ ಪ್ರಾರ್ಥನೆ ಮಾಡಿಸಿಕೊಂಡಳು ಎಂಬುದನ್ನೂ ಬರೆಯಬೇಕು, ಇಲ್ಲವಾದರೆ ಒಂದು ಪಕ್ಷದ ಸಾಕ್ಷಿ ಹೇಳಿದಂತಾಗುತ್ತದೆ. ಮೂವರು ಕಣ್ಣು ಮುಚ್ಚಿ ಅವಳ ಹೆಸರನ್ನೂ ಎಲ್ಲಿಯೋ ಇರುವ ಅವಳ ಮಗಳ ಹೆಸರನ್ನೂ ಹೇಳಿ ಬೇಡಿಕೊಂಡರು. ತನ್ನ ಮಗಳ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿ ಅವಳು ಬಹಳ ಹೊತ್ತು ಅತ್ತಳು. ಅವಳು ಕ್ರೈಸ್ತಳಾದಳೇ ಎಂದು ನಾನು ಕೇಳಲಿಲ್ಲ. ದೊಡ್ಡಸ್ವಾಮಿಯವರು ಇಂಥವಳನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಿದ್ದರೋ. ಸ್ವಾರ್ಥಕ್ಕಾಗಿ ಬಂದವರು ಎಂದು ಅವರು ಬರೆದ ಮಾತು ನನಗೆ ಈಗ ಅಷ್ಟು ನ್ಯಾಯವಾಗಿ ಕಾಣುವುದಿಲ್ಲ. ಮಳೆಯಲ್ಲಿ ನೆನೆಯುವವನು ಸೂರು ಹುಡುಕುವುದು ಸ್ವಾರ್ಥವಾದರೆ, ಪರೀಕ್ಷೆಯ ಹಿಂದಿನ ದಿನ ಹನುಮಂತನಿಗೆ ಕಾಯಿ ಒಡೆಸುತ್ತಿದ್ದ ನೀವೆಲ್ಲರೂ ಸ್ವಾರ್ಥಿಗಳೇ.

ಸರ್ಕಾರದ ಕಡೆಯ ಸಂಗತಿಯೊಂದನ್ನೂ ಹೇಳುತ್ತೇನೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆ 1975ರದು. ಅದರ ಪ್ರಕಾರ ಭಿಕ್ಷುಕರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬಹುದು. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿಯನ್ನು ನೋಡಿ, ಭಿಕ್ಷುಕರ ಕರವೆಂದು ಶೇಕಡಾ 3 ಸೇರಿರುತ್ತದೆ. ಅಂದರೆ ಅಣ್ಣ, ನೀವೂ ನಾನೂ ಪ್ರತಿವರ್ಷ ಇವರಿಗೆ ಭಿಕ್ಷೆ ಹಾಕುತ್ತಲೇ ಇದ್ದೇವೆ, ಮುಖ ನೋಡದೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷವೆಂದು ಎಣಿಸಿದ್ದರು. ಎಣಿಸಲು ಹೋದವರಲ್ಲಿ ನಮ್ಮಂಥ ಮೇಷ್ಟರುಗಳೇ ಬಹಳ. ರಾತ್ರಿ ಬ್ಯಾಟರಿ ಹಿಡಿದು ಬಸ್ ನಿಲ್ದಾಣದಲ್ಲಿ ಮಲಗಿದವರನ್ನು ಎಬ್ಬಿಸಿ ಹೆಸರು ಬರೆಯುವ ಕೆಲಸ ಎಂಥದೆಂದು ಸಹೋದ್ಯೋಗಿಗಳಿಂದ ಕೇಳಿದ್ದೇನೆ. ಮನೆಯಿಲ್ಲದವರಿಗೆ ವಿಳಾಸವಿಲ್ಲ, ವಿಳಾಸವಿಲ್ಲದೆ ಪಡಿತರ ಚೀಟಿ ಕಷ್ಟ, ವೃದ್ಧಾಪ್ಯ ವೇತನ ಕಷ್ಟ. ನನ್ನ ಶಿಷ್ಯ ಈಗ ನಾಗಮಂಗಲದ ತಾತನಿಗೆ ಪಿಂಚಣಿ ಮಾಡಿಸಲು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾನೆ. ಅರ್ಜಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಧರ್ಮ ಎಂಬಲ್ಲಿ ತಾತ ಹೇಳಿದ್ದನ್ನೇ ಬರೆದಿದ್ದೇನೆ. ವಿಳಾಸ ಎಂಬಲ್ಲಿ ಅಂಗಡಿಯ ಯಜಮಾನರು ತಮ್ಮ ಅಂಗಡಿಯ ನಂಬರನ್ನು ಬರೆಯಲು ಒಪ್ಪಿದ್ದಾರೆ. ಅವರು ಮುಸಲ್ಮಾನರು.

ಚಳಿಗಾಲ ಹತ್ತಿರವಾಗುತ್ತಿದೆ. ಮಂಡ್ಯ, ಮೈಸೂರುಗಳ ಆಸುಪಾಸಿನಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಬಳಸದೆ ಇಟ್ಟ ಕಂಬಳಿ, ಜಮಖಾನೆಗಳಿದ್ದರೆ ನನಗೆ ತಲಪಿಸಿ. ಹರಿದದ್ದು ಬೇಡ, ಹರಿದದ್ದು ಅವರ ಬಳಿ ಬೇಕಾದಷ್ಟಿದೆ. ಅಣ್ಣನ ಮನೆಯ ಅಟ್ಟದಲ್ಲಿ ಎರಡು ಚೆನ್ನಾಪಟ್ಟಣದ ಕಂಬಳಿಗಳಿರುವುದು ನನಗೆ ಗೊತ್ತು. ಅತ್ತಿಗೆಯವರಿಗೆ ಹೇಳಿದ್ದೇನೆ, ತೆಗೆದು ಬಿಸಿಲಿಗೆ ಹಾಕಿದ್ದಾರಂತೆ.